ಪರದೆಗೆ ತಕ್ಕ ಅಂಗಡಿ

ಡೊಂಬಿವಲಿ ಸ್ಟೇಷನ್ನಿನ ಬಳಿಯ ಕಿರಿದಾದ ಅಂಗಡಿಯಲ್ಲಿಯೂ ನವಿ ಮುಂಬಯಿಯ ವಿಶಾಲವಾದ ಮಳಿಗೆಯಲ್ಲಿಯೂ ಸರಕು ಒಂದೇ ಇರಬಹುದು. ಜೋಡಣೆ ಮಾತ್ರ ಬೇರೆ. ಅಗಲ ಸಾಲದಲ್ಲಿ ಸಾಮಾನನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಂತರ್ಜಾಲದ ಅಂಗಡಿಯೂ ಈ ನಿಯಮಕ್ಕೆ ಹೊರತಲ್ಲ. ಅದರ ಒಂದೇ ಪುಟವನ್ನು ಕಲ್ಯಾಣದ ಲೋಕಲ್ ಗಾಡಿಯಲ್ಲಿ ನಿಂತವನು ಅಂಗೈಯಗಲದ ಮೊಬೈಲಿನಲ್ಲಿಯೂ ಥಾಣೆಯ ಕಚೇರಿಯಲ್ಲಿ ಕುಳಿತವನು ದೊಡ್ಡ ಗಣಕಯಂತ್ರದಲ್ಲಿಯೂ ನೋಡುತ್ತಾನೆ. ಇಬ್ಬರಿಗೂ ಒಪ್ಪುವಂತೆ ಅದನ್ನು ರಚಿಸುವ ಬಗೆಯನ್ನು ನಾವೀಗ ವಿಚಾರಿಸೋಣ.

2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರರು ಇದಕ್ಕೆ ಮೂರು ಉಪಾಯಗಳನ್ನು ಒಂದುಗೂಡಿಸಿ ತೋರಿಸಿದರು. ಮೊದಲನೆಯದು, ಅಂಕಣಗಳ ಅಗಲವನ್ನು ಸ್ಥಿರವಾದ ಅಳತೆಯಲ್ಲಿ ಕೊಡದೆ ಶೇಕಡಾ ಪ್ರಮಾಣದಲ್ಲಿ ಕೊಡುವುದು. ಎರಡನೆಯದು, ಚಿತ್ರವು ತನ್ನ ಅಂಕಣವನ್ನು ಮೀರದಂತೆ ಮಾಡುವುದು. ಮೂರನೆಯದು, ಪರದೆಯ ಅಗಲವನ್ನರಿತು ಜೋಡಣೆಯನ್ನೇ ಬದಲಿಸುವುದು. 1200 ಪಿಕ್ಸೆಲ್ ಅಗಲದಲ್ಲಿ ಸಾಲಿಗೆ 4 ಸರಕುಗಳನ್ನು ಇಟ್ಟರೆ, 360 ಪಿಕ್ಸೆಲ್ಲಿನಲ್ಲಿ ಒಂದನ್ನೇ ಇಡಬಹುದು.

2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2020ರಲ್ಲಿ ಕನ್ನಡದಲ್ಲಿಯೂ ವ್ಯಾಪಾರ ತೊಡಗಿತು. ಕನ್ನಡದ ಅಂಗಡಿಗೆ ಇನ್ನೊಂದು ಎಚ್ಚರವೂ ಬೇಕು. ನಮ್ಮ ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುತ್ತವೆ. ಇಂಗ್ಲಿಷ್ ಅಕ್ಷರಕ್ಕೆಂದು ಗೊತ್ತುಮಾಡಿದ ಎತ್ತರದಲ್ಲಿ ಅವು ಕತ್ತರಿಸಿಹೋಗಿ, ‘ಅಕ್ಕಿ’ಯು ‘ಅಕಿ’ಯಾದೀತು, ‘ಬೆಲ್ಲ’ವು ‘ಬೆಲ’ವಾದೀತು! ಆದುದರಿಂದ ಸಾಲುಗಳ ನಡುವೆ ಸಾಕಷ್ಟು ತೆರಪಿರಬೇಕು. ಚೌಕಟ್ಟು ಬರಹಕ್ಕೆ ತಕ್ಕಂತೆ ಬೆಳೆಯಬೇಕು.

ಸಣ್ಣ ಪರದೆಯಲ್ಲಿ ಅಲಂಕಾರವನ್ನು ಬಿಡಬಹುದು; ಬೆಲೆ, ಸಾಗಣೆಯ ವೆಚ್ಚ, ಸರಕನ್ನು ಹಿಂದಿರುಗಿಸುವ ನಿಯಮ ಇವನ್ನು ಮರೆಮಾಡಕೂಡದು. ದೊಡ್ಡ ಯಂತ್ರವನ್ನು ಕೊಳ್ಳಲಾರದವನೂ ಪೂರ್ಣ ಗಿರಾಕಿಯೇ ಎಂಬುದನ್ನು ಮುಂದೆ ಇಂಥ ಪುಟಗಳನ್ನು ರಚಿಸಲಿರುವ ನಾವು ಮರೆಯದಿರೋಣ.