ಛಾಯಾಚಿತ್ರದ ಅಳತೆಯೂ ಕತ್ತರಿಯೂ: ಕ್ಯಾಟಲಾಗ್ ಮುದ್ರಿಸುವವರು ತಿಳಿದಿರಬೇಕಾದ ಲೆಕ್ಕ

ತಯಾರಿಸಿದ ಸರಕಿನ ಛಾಯಾಚಿತ್ರವು ಗ್ರಾಹಕರು ಕಾಣುವ ಮೊದಲ ಮಾದರಿಯಾಗಿದೆ. ಕ್ಯಾಟಲಾಗ್, ಪೆಟ್ಟಿಗೆಯ ಮೇಲ್ಮೈ, ಆನ್‌ಲೈನ್ ಮಳಿಗೆ ಇವೆಲ್ಲಕ್ಕೂ ಬಹುತೇಕ ಒಂದೇ ಚಿತ್ರ ಬಳಕೆಯಾಗುತ್ತದೆ. ಪರದೆಯ ಮೇಲೆ ಸ್ಫುಟವಾಗಿ ಕಂಡ ಚಿತ್ರವು ಅಚ್ಚಿನಲ್ಲಿ ಮಸುಕಾಗಿ, ಮರುಮುದ್ರಣದ ವೆಚ್ಚ ತಲೆಯ ಮೇಲೆ ಬೀಳುವುದೂ ಉಂಟು. ಅಳತೆಯನ್ನು ಲೆಕ್ಕ ಹಾಕದೆ ಚಿತ್ರದ ಅಂಚುಗಳನ್ನು ಕತ್ತರಿಸುವುದು, ಅಂದರೆ ಕ್ರಾಪ್ ಮಾಡುವುದು, ಇದಕ್ಕೆ ಒಂದು ಮುಖ್ಯ ಕಾರಣ.

1. ಪಿಕ್ಸೆಲ್ ಎಂಬ ದಾಸ್ತಾನು

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವು ಸಾಮಾನ್ಯವಾಗಿ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ ಇರುತ್ತದೆ. ಇದೇ ನಮ್ಮ ಆರಂಭಿಕ ದಾಸ್ತಾನು. ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕೆಂಬುದು ರೂಢಿ. ಆ ಪ್ರಕಾರ ಈ ಚಿತ್ರವನ್ನು 20 ಅಂಗುಲ ಅಗಲ, 13.3 ಅಂಗುಲ ಎತ್ತರದವರೆಗೆ ಮುದ್ರಿಸಬಹುದು. ಎ4 ಪುಟಕ್ಕೆ 2480 × 3508 ಪಿಕ್ಸೆಲ್ ಸಾಕು.

2. ಕತ್ತರಿಸಿದಾಗ ಉಳಿಯುವುದೆಷ್ಟು?

ಅಡ್ಡಲಾಗಿ ತೆಗೆದ ಇದೇ ಚಿತ್ರವನ್ನು ಉದ್ದುದ್ದವಾದ ಎ4 ಪುಟಕ್ಕೆ ಹೊಂದಿಸಿದರೆ ಉಳಿಯುವುದು ಸುಮಾರು 2828 × 4000 ಪಿಕ್ಸೆಲ್. ಅಂದರೆ ದಾಸ್ತಾನಿನ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು. ಚೌಕಾಕಾರಕ್ಕೆ ಕತ್ತರಿಸಿದರೆ ಮೂರನೆಯ ಒಂದು ಪಾಲು ಹೋಗುತ್ತದೆ. ಸರಕು ಚಿತ್ರದ ಅರ್ಧ ಎತ್ತರವನ್ನು ಮಾತ್ರ ತುಂಬಿದ್ದು, ಅದಷ್ಟನ್ನೇ ಇಡೀ ಎ4 ಪುಟಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ದೊರೆಯುವುದು ಕೇವಲ 171 ಪಿಕ್ಸೆಲ್. ಮಸುಕಿನ ಮೂಲ ಇಲ್ಲಿದೆ. ಪುಟದ ಅಂಚಿನವರೆಗೂ ಚಿತ್ರ ಬರಬೇಕಾದರೆ ಕತ್ತರಿಸುವ ಯಂತ್ರಕ್ಕಾಗಿ ಸಾಮಾನ್ಯವಾಗಿ ಪ್ರತಿ ಬದಿಗೆ 3 ಮಿಲಿಮೀಟರ್ ಹೆಚ್ಚುವರಿ ಬಿಡಬೇಕೆಂಬುದನ್ನೂ ಮರೆಯಬಾರದು.

3. ರಾ ಕಡತದ ಅಳತೆ ಏಕೆ ಬೇರೆ?

ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಮಾಹಿತಿಯೇ ರಾ ಕಡತ. ಜೆಪೆಗ್ ಕಡತದ ಅಳತೆಗೂ ಇದರ ಅಳತೆಗೂ ಕೆಲವು ಪಿಕ್ಸೆಲ್‌ಗಳ ವ್ಯತ್ಯಾಸ ಕಂಡುಬಂದರೆ ಗಾಬರಿಯಾಗಬೇಕಿಲ್ಲ. ಸಾಮಾನ್ಯ ಸೆನ್ಸರ್‌ನ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿಗಳ ಪೈಕಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಲೆಕ್ಕ ಹಾಕಬೇಕು. ಅಂಚಿನಲ್ಲಿ ನೆರೆಯ ಬಿಂದುಗಳು ಸಾಲದ ಕಾರಣ ತುಸು ಭಾಗವನ್ನು ಕೈಬಿಡಲಾಗುತ್ತದೆ. ಎಷ್ಟು ಕೈಬಿಡಬೇಕೆಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗಬಹುದು.

ಇದಕ್ಕಿಂತ ದೊಡ್ಡ ವ್ಯತ್ಯಾಸವೂ ಉಂಟು. ಕ್ಯಾಮೆರಾದಲ್ಲಿ ಚೌಕಾಕಾರವನ್ನು ಆರಿಸಿದ್ದರೂ ಅನೇಕ ಕ್ಯಾಮೆರಾಗಳ ರಾ ಕಡತದಲ್ಲಿ ಪೂರ್ಣ ಚಿತ್ರವೇ ಇದ್ದು, ಚೌಕದ ಗುರುತು ಮಾತ್ರ ದಾಖಲಾಗಿರುತ್ತದೆ. ಒಂದು ತಂತ್ರಾಂಶ ಆ ಗುರುತನ್ನು ಪಾಲಿಸಿದರೆ ಮತ್ತೊಂದು ಪಾಲಿಸದೆ ಇರಬಹುದು. ಆದ್ದರಿಂದ ಮುದ್ರಕರಿಗೆ ರಾ ಕಡತವನ್ನು ಕಳುಹಿಸದೆ, ಅಳತೆ ನಿಗದಿಪಡಿಸಿದ ಟಿಫ್ ಅಥವಾ ಜೆಪೆಗ್ ಪ್ರತಿಯನ್ನು ಕಳುಹಿಸುವುದು ಕ್ಷೇಮ.

4. ಫೋಟೋಶಾಪ್‌ನಲ್ಲಿ ಗಮನಿಸಬೇಕಾದ ಎರಡು ಅಂಶಗಳು

ಅ) ಕ್ರಾಪ್ ಸಾಧನದಲ್ಲಿ ಅಗಲ, ಎತ್ತರಗಳ ಜೊತೆಗೆ ರೆಸಲ್ಯೂಶನ್ ಅಂಕಿಯನ್ನೂ ತುಂಬಿದ್ದರೆ ತಂತ್ರಾಂಶವು ಕತ್ತರಿಸುವುದಲ್ಲದೆ ಪಿಕ್ಸೆಲ್‌ಗಳ ಸಂಖ್ಯೆಯನ್ನೂ ಬದಲಿಸುತ್ತದೆ. ಹೀಗೆ ಸೇರಿದ ಪಿಕ್ಸೆಲ್‌ಗಳು ಅಂದಾಜಿನವು. ನೈಜ ವಿವರ ಅವುಗಳಲ್ಲಿಲ್ಲ.

ಆ) ಕತ್ತರಿಸಿದ ಭಾಗವನ್ನು ಅಳಿಸಬೇಕೆ ಬೇಡವೆ ಎಂಬ ಆಯ್ಕೆ ಕ್ರಾಪ್ ಸಾಧನದಲ್ಲೇ ಇದೆ. ಅಳಿಸಿ, ಉಳಿಸಿ, ಕಡತ ಮುಚ್ಚಿದರೆ ಆ ಭಾಗ ಮರಳಿ ಬಾರದು. ಲೈಟ್‌ರೂಮ್‌ನಲ್ಲಿ ಕ್ರಾಪ್ ಎಂಬುದು ಸೂಚನೆಯಾಗಿ ಮಾತ್ರ ದಾಖಲಾಗುವುದರಿಂದ ಮೂಲಕ್ಕೆ ಧಕ್ಕೆಯಿಲ್ಲ.

5. ಒಪ್ಪಂದದಲ್ಲಿ ಇರಬೇಕಾದ ಷರತ್ತು

1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಪ್ರಕರಣದಂತೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ. ಆದರೆ ಕತ್ತರಿಸಿದ ಪ್ರತಿ ಮಾತ್ರ ಕೈಯಲ್ಲಿದ್ದರೆ ಹಕ್ಕಿನಿಂದ ಹೊಸ ಕ್ಯಾಟಲಾಗ್ ತಯಾರಾಗದು. ಆದ್ದರಿಂದ ಛಾಯಾಗ್ರಾಹಕರಿಗೆ ಕೊಡುವ ಕಾರ್ಯಾದೇಶದಲ್ಲಿ ಪೂರ್ಣ ಅಳತೆಯ ರಾ ಕಡತಗಳನ್ನೂ ಒಪ್ಪಿಸಬೇಕೆಂದು ಬರೆಯಿಸಿರಿ. ಸರಕಿನ ಸುತ್ತ ಸಾಕಷ್ಟು ಜಾಗ ಬಿಡಲು ತಿಳಿಸಿರಿ. ಬಿಲ್ ಪಾವತಿಗೆ ಮುನ್ನ ಕಡತಗಳನ್ನು ತೆರೆದು ಅಳತೆ ಪರಿಶೀಲಿಸಿರಿ.

ವೋಚರ್‌ಗಳಿದ್ದರೆ ಲೆಕ್ಕದ ಪುಸ್ತಕವನ್ನು ಮತ್ತೆ ಬರೆಯಬಹುದು. ಪುಸ್ತಕದಿಂದ ವೋಚರ್ ಹುಟ್ಟಿಸಲಾಗದು. ರಾ ಕಡತವೂ ವೋಚರ್‌ನಂತೆಯೇ. ಅದರ ಎರಡು ಪ್ರತಿಗಳನ್ನು ಎರಡು ಪ್ರತ್ಯೇಕ ಸ್ಥಳಗಳಲ್ಲಿ ಕಾಪಾಡಿಕೊಳ್ಳುವುದು ವಿಹಿತ.