ಬಾಡಿಗೆಯೆಲ್ಲ ಲಾಭವಲ್ಲ

ತರಗತಿಯಲ್ಲಿ ಒಂದು ದಿನ ‘ಲಾಭ’ ಎಂಬ ಪದದ ಅರ್ಥವನ್ನು ಕೇಳಿದೆವು. ಲಾರಿ ಇರುವ ಮನೆಯ ಹುಡುಗನೊಬ್ಬ ಥಟ್ಟನೆ ಎದ್ದು, “ಅಪ್ಪ ತಂದ ಬಾಡಿಗೆ, ಸಾರ್” ಎಂದ. ಎಲ್ಲರೂ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಹಿರಿಯರೂ ಅನೇಕರು ಹೀಗೆಯೇ ತಿಳಿದಿರುತ್ತಾರೆ. ಆದ್ದರಿಂದ ಈ ಸಲ ಲಾರಿಯ ಲೆಕ್ಕವನ್ನೇ ಪಾಠವಾಗಿ ತೆಗೆದುಕೊಳ್ಳೋಣ.

ನಮ್ಮದು ಹತ್ತಿ, ಉಳ್ಳಾಗಡ್ಡಿ, ಶೇಂಗಾ ಬೆಳೆಯುವ ಸೀಮೆ. ಆದವಾನಿಯ ಹತ್ತಿ ಮಾರುಕಟ್ಟೆ ಆಂಧ್ರದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಈ ಸರಕನ್ನು ಸಾಗಿಸುವವರಲ್ಲಿ ಒಂದೇ ಲಾರಿಯನ್ನು ಸಾಲದ ಮೇಲೆ ಕೊಂಡು, ತಾವೇ ಓಡಿಸುವವರೂ ಇದ್ದಾರೆ. ಅವರ ಖರ್ಚು ಎರಡು ಬಗೆ: ಓಡುವ ಖರ್ಚು, ನಿಂತ ಖರ್ಚು. ಎತ್ತು ದುಡಿದರೂ ಮೇವು ಬೇಕು, ಕೊಟ್ಟಿಗೆಯಲ್ಲಿ ನಿಂತರೂ ಮೇವು ಬೇಕಲ್ಲವೆ? ಲಾರಿಯೂ ಹಾಗೆಯೇ.

ನಂದವರಂನಿಂದ ಉಳ್ಳಾಗಡ್ಡಿ ಹೇರಿಕೊಂಡು ಆರು ಗಾಲಿಯ ಲಾರಿಯೊಂದು ಬೆಂಗಳೂರಿಗೆ ಹೊರಟಿತೆನ್ನೋಣ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ಅಲ್ಲಿ ಬರೆದುಕೊಳ್ಳಿರಿ.

ಹೋಗುವ ಬಾಡಿಗೆ 20,000 ರೂ., ಬರುವ ಬಾಡಿಗೆ 8,000 ರೂ., ಒಟ್ಟು 28,000 ರೂ. ಹೋಗಿ ಬರುವ ದಾರಿ 700 ಕಿ.ಮೀ. ಲೀಟರಿಗೆ 5 ಕಿ.ಮೀ.ನಂತೆ 140 ಲೀಟರ್ ಡೀಸೆಲ್. ಲೀಟರಿಗೆ 95 ರೂ. ಆದರೆ 13,300 ರೂ. ಟೋಲ್ 2,000, ಚಾಲಕನ ಕೂಲಿ, ಕ್ಲೀನರನ ಬತ್ತೆ ಮತ್ತು ಊಟ 3,000, ದಲ್ಲಾಳಿ ಮತ್ತು ಹಮಾಲಿ 1,200. ಇವೆಲ್ಲ ಕೂಡಿ 19,500 ರೂ. ಕೈಯಲ್ಲಿ ಉಳಿದದ್ದು 8,500 ರೂ. ನಮ್ಮ ಹುಡುಗ ಇದನ್ನೇ ಲಾಭವೆಂದು ತಿಳಿದಿದ್ದ.

ಆದರೆ ಟಯರುಗಳು ದಾರಿಯುದ್ದಕ್ಕೂ ಸವೆದಿವೆ. ಆರು ಟಯರಿಗೆ 1,20,000 ರೂ. ಆಗಿ, ಅವು 60,000 ಕಿ.ಮೀ. ಬಾಳಿದರೆ ಕಿ.ಮೀ.ಗೆ 2 ರೂ.ನಂತೆ ಈ ಪ್ರಯಾಣದಲ್ಲಿ 1,400 ರೂ. ಸವೆಯಿತು. ಎಂಜಿನ್ ಆಯಿಲ್, ರಿಪೇರಿಗೆ ಕಿ.ಮೀ.ಗೆ ಒಂದೂವರೆ ರೂಪಾಯಿಯಂತೆ 1,050. ಈಗ ಉಳಿದದ್ದು 6,050 ರೂ.

ಇನ್ನು ನಿಂತ ಖರ್ಚು. ಸಾಲದ ಕಂತು ತಿಂಗಳಿಗೆ 30,000. ವಿಮೆ, ತೆರಿಗೆ, ಪರ್ಮಿಟ್, ಫಿಟ್‌ನೆಸ್‌ಗಳಿಗೆ ತಿಂಗಳಿಗೆ 6,000. ಒಟ್ಟು 36,000 ರೂ. ತಿಂಗಳಿಗೆ ಆರು ಪ್ರಯಾಣವಾದರೆ ಒಂದೊಂದರ ಪಾಲಿಗೆ 6,000. ಕೊನೆಗೆ ಉಳಿದದ್ದು ಬರೀ 50 ರೂ.! ಮಾಲೀಕನೇ ಓಡಿಸಿದರೆ ಚಾಲಕನ ಕೂಲಿ ಅವನಿಗೇ ಸೇರುತ್ತದೆ ನಿಜ. ಅದು ನಿದ್ದೆಗೆಟ್ಟು ದುಡಿದ ಕೂಲಿಯೇ ಹೊರತು ಲಾಭವಲ್ಲ.

ಹಂಗಾಮು ಮುಗಿದು ತಿಂಗಳಿಗೆ ನಾಲ್ಕೇ ಪ್ರಯಾಣ ಸಿಕ್ಕರೆ ಪ್ರತಿ ಪ್ರಯಾಣಕ್ಕೂ 2,950 ರೂ. ನಷ್ಟ. ಬರುವಾಗ ಲಾರಿ ಖಾಲಿ ಬಂದರೆ ನಷ್ಟ ಇನ್ನೂ ಹೆಚ್ಚು. ಆಗ ಕೆಲವರು ಹೆಚ್ಚು ಭಾರ ಹೇರಿ ಸರಿದೂಗಿಸಲು ನೋಡುತ್ತಾರೆ. ಟಯರು ಬೇಗ ಸವೆಯುತ್ತದೆ, ಬ್ರೇಕು ಹಿಡಿತಕ್ಕೆ ಬರುವುದಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ದಂಡ 20,000 ರೂ.; ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂ. ಇದು ಉಳಿತಾಯದ ದಾರಿಯಲ್ಲ.

ಉಳಿತಾಯದ ದಾರಿಗಳು ಬೇರೆ ಇವೆ. ಟಯರಿನ ಗಾಳಿಯನ್ನು ಆಗಾಗ ನೋಡಿಸುವುದು, ಒಂದೇ ಹದದ ವೇಗದಲ್ಲಿ ಓಡಿಸುವುದು, ಹೊರಡುವ ಮೊದಲೇ ಬರುವ ಸರಕನ್ನು ಗೊತ್ತುಮಾಡಿಕೊಳ್ಳುವುದು. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಡೀಸೆಲ್ ದರ ಆಂಧ್ರಕ್ಕಿಂತ ಕಡಿಮೆಯಿರುವುದರಿಂದ, ಬಳ್ಳಾರಿ, ರಾಯಚೂರಿನ ಕಡೆ ಹೋದಾಗ ಟ್ಯಾಂಕು ತುಂಬಿಸಿಕೊಂಡು ಬರುವುದು ಗಡಿಯ ಜನ ಕಂಡುಕೊಂಡ ಉಪಾಯ. ಎಲ್ಲಕ್ಕಿಂತ ಮುಖ್ಯವಾದುದು, ಬಾಡಿಗೆ ಬಂದ ದಿನವೇ ಟಯರಿನ ಪಾಲನ್ನೂ ಕಂತಿನ ಪಾಲನ್ನೂ ಬೇರೆ ತೆಗೆದಿಡುವುದು. ಆ ಹಣವನ್ನು ಮದುವೆಗೆ, ಜಾತ್ರೆಗೆ ಖರ್ಚು ಮಾಡಿದರೆ ಟಯರು ಒಡೆದ ದಿನ ಬಡ್ಡಿ ಸಾಲ ಬರುತ್ತದೆ. ಕಂತು ತಪ್ಪಿದರೆ ಲಾರಿ ಹೋಗುತ್ತದೆ. ಲಾರಿ ಹೋದ ಮನೆಯ ಹುಡುಗ ಶಾಲೆ ಬಿಟ್ಟು ಮತ್ತೊಬ್ಬರ ಲಾರಿಯಲ್ಲಿ ಕ್ಲೀನರನಾಗುತ್ತಾನೆ. ನಮ್ಮ ಚಿಂತೆ ಅದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಲಾರಿಯಿರಲಿ, ಆಟೋ ಇರಲಿ, ಎತ್ತಿನ ಬಂಡಿಯಿರಲಿ, ಒಂದು ನೋಟುಪುಸ್ತಕ ತೆಗೆದುಕೊಳ್ಳಿರಿ. ಒಂದು ಪುಟಕ್ಕೆ ‘ಓಡುವ ಖರ್ಚು’, ಎದುರು ಪುಟಕ್ಕೆ ‘ನಿಂತ ಖರ್ಚು’ ಎಂದು ತಲೆಬರಹ ಕೊಡಿರಿ. ರಾತ್ರಿ ತಂದೆಯವರು ಊಟಕ್ಕೆ ಕುಳಿತಾಗ ಕೇಳಿ ಬರೆಯಿರಿ. ಪಾಲಕರೂ ಬೇಸರಿಸದೆ ಹೇಳಬೇಕೆಂದು ನಮ್ಮ ವಿನಂತಿ. ‘ಲಾಭ’ ಎಂಬ ಪದದ ನಿಜವಾದ ಅರ್ಥ ಆ ಎರಡು ಪುಟಗಳನ್ನು ಕೂಡಿ ಕಳೆದ ಮೇಲೆಯೇ ತಿಳಿಯುವುದು.