ಬಾರದ ನಿದ್ರೆಯೂ ತೂಕಡಿಸುವ ಮಗುವೂ



ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ದಿನಾಲೂ ಮೊದಲನೆಯ ಪಾಠದಲ್ಲಿ ತೂಕಡಿಸುತ್ತಿದ್ದಳು. ನಾವು ಅವಳನ್ನು ಸೋಮಾರಿಯೆಂದೆಣಿಸಿ ಎಲ್ಲರ ಮುಂದೆ ನಿಲ್ಲಿಸಿದೆವು. ಬಳಿಕ ಅವಳ ತಾಯಿಯು ಬಂದು, ಮಗಳು ರಾತ್ರಿ 9-30ಕ್ಕೆ ಮಲಗಿದರೂ 12-30ರ ತನಕ ಎಚ್ಚರವಾಗಿಯೇ ಇರುವಳೆಂದು ತಿಳಿಸಿದಾಗ ನಮಗೆ ನಾಚಿಕೆಯಾಯಿತು. ಆ ತಪ್ಪಿನಿಂದ ನಾವು ಕಲಿತ ಪಾಠವನ್ನು ಇಲ್ಲಿ ಬರೆಯುತ್ತೇವೆ.

6ರಿಂದ 12 ವರುಷದ ಮಕ್ಕಳಿಗೆ 9ರಿಂದ 12 ತಾಸು, 13ರಿಂದ 18 ವರುಷದವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ಅಮೇರಿಕದ ನಿದ್ರಾವೈದ್ಯರ ಸಂಘವು 2016ರಲ್ಲಿ ತಿಳಿಸಿತು. ಆದರೆ ಆಯಾಸಕ್ಕೆಲ್ಲಾ ನಿದ್ರೆಯ ಕೊರತೆಯೇ ಕಾರಣವಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಗೊರಕೆಯೊಡನೆ ಉಸಿರು ಕಟ್ಟುವ ವ್ಯಾಧಿ ಇವುಗಳೂ ಮಗುವನ್ನು ಬಳಲಿಸುತ್ತವೆ. ಆದಕಾರಣ ಮೊದಲು ವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ಹುಡುಗಿಗೆ ಅಂಥ ರೋಗವೇನೂ ಇರಲಿಲ್ಲ. ಪರೀಕ್ಷೆಯ ಭಯದಿಂದ ಮೊದಲು ನಿದ್ರೆ ಕೆಟ್ಟಿತು; ಆಮೇಲೆ, ಇಂದೂ ನಿದ್ರೆ ಬಾರದೋ ಎಂಬ ಭಯವೇ ಅದನ್ನು ಕೆಡಿಸಿತು. ಹಾಸಿಗೆಯಲ್ಲೇ ಓದು, ಅಲ್ಲೇ ಚಿಂತೆ; ಹೀಗೆ ಹಾಸಿಗೆಯೆಂದರೆ ಎಚ್ಚರವೆಂದು ದೇಹವು ಕಲಿತುಬಿಟ್ಟಿತು. ಕಲಿತದ್ದನ್ನು ಮರೆಯಿಸಿ ಬೇರೆ ಕಲಿಸುವುದೇ ಅರಿವು-ವರ್ತನಾ ಚಿಕಿತ್ಸೆ. ಇದರ ಒಂದು ಭಾಗವನ್ನು ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದರು. ಇಡೀ ಚಿಕಿತ್ಸೆಯ ಕ್ರಮವು ಹೀಗಿದೆ:

1. ಭಾನುವಾರವೂ ಸೇರಿ ದಿನಾಲೂ ಒಂದೇ ಹೊತ್ತಿಗೆ ಏಳಬೇಕು. ಹಗಲು ಮಲಗಬಾರದು.

2. ಹಾಸಿಗೆಯು ನಿದ್ರೆಗೆ ಮಾತ್ರ. ಪುಸ್ತಕವೂ ಫೋನೂ ಅಲ್ಲಿಗೆ ಬರಬಾರದು.

3. ಸುಮಾರು 20 ನಿಮಿಷದಲ್ಲಿ ನಿದ್ರೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಸುಮ್ಮನೆ ಕೂತು, ತೂಕಡಿಕೆ ಬಂದ ಮೇಲೆ ತಿರಿಗಿ ಮಲಗಬೇಕು. ಗಡಿಯಾರವನ್ನು ನೋಡುತ್ತಿರಬಾರದು.

4. ಚಿಂತೆಗಳನ್ನು ಸಾಯಂಕಾಲವೇ ಒಂದು ಪುಸ್ತಕದಲ್ಲಿ ಬರೆಯಬೇಕು. 'ನಿದ್ರೆ ಬಾರದಿದ್ದರೆ ನಾಳೆ ಎಲ್ಲವೂ ಹಾಳು' ಎಂಬ ಯೋಚನೆಯು ನಿಜವೋ ಎಂದು ಮಗುವೇ ವಿಚಾರಿಸಿ ನೋಡಲಿ.

5. ಮಲಗುವ ಕಾಲವನ್ನು ಕೆಲವು ವಾರ ತುಸು ಕಡಿಮೆಮಾಡಿ, ನಿದ್ರೆ ಕೂಡಿಬಂದಂತೆ ಹೆಚ್ಚಿಸುವುದುಂಟು. ಇದನ್ನು ತರಬೇತಾದವರ ಕೈಕೆಳಗೆ ಮಾತ್ರ ಮಾಡಬೇಕು; ಯಾಕಂದರೆ ಬೆಳೆಯುವ ಮಗುವಿನ ನಿದ್ರೆಯನ್ನು ಮಿತಿಮೀರಿ ಕಡಿಮೆಮಾಡುವುದು ಅಪಾಯಕರ.

ನಮ್ಮ ಹುಡುಗಿಯನ್ನು ಅವಳ ಚಿಕಿತ್ಸಕಿಯು ಮೊದಲು ರಾತ್ರಿ 11-30ಕ್ಕೆ ಮಲಗಿಸಿ 6-30ಕ್ಕೆ ಎಬ್ಬಿಸಿದರು. ನಿದ್ರೆ ಬೇಗನೆ ಬರತೊಡಗಿದಂತೆ 15 ನಿಮಿಷ, 15 ನಿಮಿಷ ಹಿಂದಕ್ಕೆ ತಂದರು. ಮೊದಲ ವಾರಗಳಲ್ಲಿ ಆಯಾಸವು ಹೆಚ್ಚಿತು, ತಾಯಿಯು ಕಣ್ಣೀರಿಟ್ಟಳು. ಎರಡು ತಿಂಗಳಲ್ಲಿ ಹುಡುಗಿಯು 10 ಗಂಟೆಗೆ ಮಲಗಿ ನಿದ್ರಿಸುವಂತಾದಳು.

ಶಿಕ್ಷಕಿಯರಾದ ನಿಮ್ಮಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ತೂಕಡಿಸುವ ಮಗುವನ್ನು ನಿಲ್ಲಿಸುವ ಮೊದಲು, ರಾತ್ರಿ ಹೇಗೆ ಕಳೆಯಿತೆಂದು ಮೆಲ್ಲನೆ ಕೇಳಿರಿ. ಬಿರುಗಾಳಿಯ ನಡುವೆಯೂ ದೋಣಿಯಲ್ಲಿ ನಿದ್ರಿಸಿದ ಕರ್ತನು ನಮ್ಮ ಮಕ್ಕಳಿಗೂ ಆ ಸಮಾಧಾನವನ್ನು ದಯಪಾಲಿಸಲಿ.